ಪೆನ್ಸಿಲ್ ಗೆರೆ: ರಂಗಭೂಮಿ ಮತ್ತು ಸರ್ಕಾರದ ಕೈ



ನಾನು ನಟನೂ ಅಲ್ಲ, ನಿರ್ದೇಶಕನೂ ಅಲ್ಲ. ನಮ್ಮೂರಿನ ಹವ್ಯಾಸಿ ತಂಡವೊಂದರ ಲೆಕ್ಕಪುಸ್ತಕವನ್ನು ಇಪ್ಪತ್ತಾರು ವರ್ಷ ಬರೆದವನು. ಟಿಕೆಟ್ ಪುಸ್ತಕದ ಅರ್ಧಚೀಟಿಗಳು, ಶಾಮಿಯಾನದ ಬಾಡಿಗೆ, ಮೇಕಪ್‌ನವರಿಗೆ ಕೊಟ್ಟ ಮುಂಗಡ, ಇವುಗಳ ಮೂಲಕವೇ ನಾನು ನಾಟಕವನ್ನು ಕಂಡದ್ದು. ರಂಗಭೂಮಿ ಮತ್ತು ದೇಶದ ರಾಜಕಾರಣದ ಬಗ್ಗೆ ಮಾತಾಡಿ ಎಂದು ಕೇಳಿದಾಗ ದುಡ್ಡಿನ ಕಡೆಯಿಂದ ಶುರುಮಾಡುವುದೇ ನನಗೆ ಸರಿ ಅನ್ನಿಸಿತು.

ಒಂದು ಸಂಜೆಯ ತಾಲೀಮು. ನಾಟಕದ ಎರಡನೆಯ ದೃಶ್ಯದಲ್ಲಿ ಖಾಲಿ ಕೊಡ ಹಿಡಿದ ಅಜ್ಜಿಯೊಬ್ಬಳು ಮಂತ್ರಿಯ ಎದುರು ನಿಂತು ಒಂದು ಮಾತು ಹೇಳುತ್ತಿದ್ದಳು. ತಾಲೀಮಿನಲ್ಲಿ ಪ್ರತಿ ಸಲವೂ ಎಲ್ಲರೂ ನಗುತ್ತಿದ್ದರು, ನಕ್ಕ ಮೇಲೆ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆ ವರ್ಷ ತಂಡಕ್ಕೆ ಅನುದಾನ ಮಂಜೂರಾಗಿತ್ತು, ಹಣ ಬಿಡುಗಡೆಯಾಗಿರಲಿಲ್ಲ. ನಿರ್ದೇಶನ ಮಾಡುತ್ತಿದ್ದ ಹುಡುಗ ನನ್ನ ಹತ್ತಿರ ಬಂದು, "ಸರ್, ಬಿಲ್ ಯಾವಾಗ ಪಾಸಾಗತ್ತೆ?" ಅಂದ. "ಮಾರ್ಚ್ ಒಳಗೆ ಆಗಬಹುದಪ್ಪ" ಅಂದೆ. ಅವನು ಹೋಗಿ ಹಸ್ತಪ್ರತಿಯಲ್ಲಿ ಅಜ್ಜಿಯ ಮಾತಿನ ಮೇಲೆ ಗೆರೆ ಎಳೆದ. ನಾನು ನೋಡಿದ್ದು ತಿಳಿದು, "ಪೆನ್ಸಿಲಲ್ಲೇ ಎಳೆದಿದೀನಿ ಸರ್, ಮಾರ್ಚ್ ಆದಮೇಲೆ ಸೇರಿಸೋಣ" ಅಂದ. ಯಾವ ಅಧಿಕಾರಿಯೂ ಆ ಪ್ರತಿಯನ್ನು ಕೇಳಿರಲಿಲ್ಲ. ಅಳಿಸು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಪೆನ್ಸಿಲ್ ಗೆರೆಯ ಬಗ್ಗೆ.

ಸರ್ಕಾರದ ಕೈ ಪ್ರಜೆಯ ಬದುಕಿನಲ್ಲಿ ಎಷ್ಟು ಕಡಿಮೆ ಆಡಿದರೆ ಅಷ್ಟು ಒಳ್ಳೆಯದು ಎಂದು ನಂಬಿದವನು ನಾನು. ಲಿಬರ್ಟೇರಿಯನ್ ಎಂದು ಕರೆಯುತ್ತಾರೆ, ಕರೆಯಲಿ. ಯಾವ ಪಕ್ಷದ ಧ್ವಜವನ್ನೂ ನಾನು ಹಿಡಿದಿಲ್ಲ. ಅಧಿಕಾರ ಸಿಕ್ಕ ಯಾವ ಪಕ್ಷವೂ ನಾಟಕದವರನ್ನು ಅವರ ಪಾಡಿಗೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ನಮ್ಮ ದೇಶದಲ್ಲಿ ಈ ಕತೆ ಶುರುವಾಗುವುದು ಕಲ್ಕತ್ತೆಯಲ್ಲಿ. ಬ್ರಿಟಿಷ್ ಯುವರಾಜ ಅಲ್ಲಿಗೆ ಬಂದಾಗ ಜಗದಾನಂದ ಮುಖರ್ಜಿ ಎಂಬ ವಕೀಲರು ಅವನನ್ನು ಮನೆಗೆ ಕರೆದು, ಅಂತಃಪುರದ ಹೆಂಗಸರಿಂದ ಸ್ವಾಗತ ಮಾಡಿಸಿದರು. ಊರೆಲ್ಲ ಗುಲ್ಲೆದ್ದಿತು. 1876ರ ಫೆಬ್ರವರಿಯಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರಿನವರು ಅದನ್ನೇ 'ಗಜದಾನಂದ' ಎಂಬ ಪ್ರಹಸನ ಮಾಡಿ ಆಡಿದರು. ಪೊಲೀಸರು ತಡೆದರು. ಪೊಲೀಸ್ ಅಧಿಕಾರಿಗಳಾದ ಹಾಗ್ ಮತ್ತು ಲ್ಯಾಂಬ್ ಅವರ ಹೆಸರು ಹಿಡಿದು, ಹಂದಿ ಮತ್ತು ಕುರಿಯ ಪೊಲೀಸ್ ಎಂದು ಇನ್ನೊಂದು ಪ್ರಹಸನ ಬಂತು. ಫೆಬ್ರವರಿ 29ರಂದು ವೈಸರಾಯ್ ನಾರ್ತ್‌ಬ್ರೂಕ್ ಸುಗ್ರೀವಾಜ್ಞೆ ಹೊರಡಿಸಿದ. ಅದೇ ವರ್ಷದ ಕೊನೆಗೆ ಅದು ನಾಟಕ ಪ್ರದರ್ಶನ ಕಾಯ್ದೆಯಾಯಿತು. ಮಾನಹಾನಿ, ಸರ್ಕಾರದ ಮೇಲೆ ಅಸಮಾಧಾನ, ನೋಡುವವರ ನೀತಿ ಕೆಡುವುದು, ಇವುಗಳಲ್ಲಿ ಒಂದನ್ನು ಹೇಳಿದರೆ ಸಾಕು, ನಾಟಕ ನಿಲ್ಲಿಸಬಹುದಿತ್ತು. ಮೀರಿ ಆಡಿದವರಿಗೆ ಮೂರು ತಿಂಗಳವರೆಗೆ ಜೈಲು.

ಆ ಕಾಯ್ದೆಯ ಕೊನೆಯಲ್ಲಿ ಒಂದು ಸಣ್ಣ ವಿನಾಯಿತಿ ಇತ್ತು. ಧಾರ್ಮಿಕ ಉತ್ಸವಗಳಲ್ಲಿ ನಡೆಯುವ, ಜಾತ್ರಾ ಎಂಬ ಬಂಗಾಳಿ ಬಯಲಾಟ ಮತ್ತು ಅಂಥ ಆಟಗಳಿಗೆ ಇದು ಅನ್ವಯಿಸುವುದಿಲ್ಲ ಎಂದು. ದೇವರ ಮುಂದೆ ಆಡುವ ಪುರಾಣದ ಆಟದಲ್ಲಿ ರಾಜಕಾರಣ ಇರುವುದಿಲ್ಲ ಎಂದು ದೊರೆಗಳು ಎಣಿಸಿದ್ದರೋ ಏನೋ. ಆ ಎಣಿಕೆ ಎಷ್ಟು ತಪ್ಪು ಎಂದು ಮರಾಠಿ ನಾಟಕಕಾರ ಖಾಡಿಲ್ಕರರ 'ಕೀಚಕವಧ' ತೋರಿಸಿತು. ಮಹಾಭಾರತದ ಕೀಚಕನಲ್ಲಿ ಪ್ರೇಕ್ಷಕರು ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್‌ನನ್ನು ಕಂಡರು. ಟಿಕೆಟ್ ಇಟ್ಟು ಆಡುತ್ತಿದ್ದ ಆ ನಾಟಕವನ್ನು 1910ರಲ್ಲಿ ನಿಷೇಧಿಸಿದರು. ನಮ್ಮ ಕರಾವಳಿಯ ಯಕ್ಷಗಾನವಾದರೋ ಬಯಲಿನಲ್ಲಿ ಬೆಳಗಿನವರೆಗೆ ಆಡುತ್ತಲೇ ಬಂತು. ಠಾಣೆಗೆ ಒಪ್ಪಿಸೋಣ ಎಂದರೆ ಅಲ್ಲಿ ಬರೆದ ಮಾತೇ ಇರುವುದಿಲ್ಲ. ಪ್ರಸಂಗದ ಪದ್ಯ ಭಾಗವತರದು, ಅರ್ಥ ವೇಷಧಾರಿಯ ನಾಲಿಗೆಯ ಮೇಲೆ ಆ ಹೊತ್ತಿಗೆ ಹುಟ್ಟಬೇಕು. ಹಾಸ್ಯಗಾರ ನಡುರಾತ್ರಿ ಊರ ಪಟೇಲನಿಂದ ದಿಲ್ಲಿಯವರೆಗೆ ಯಾರನ್ನಾದರೂ ಎಳೆದು ತಂದಾನು. ಖರ್ಚಿನ ಮಾತಿಗೆ ಬಂದರೆ, ಕಟೀಲು, ಮಂದಾರ್ತಿ ಮೇಳಗಳ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ಮಗು ಹುಟ್ಟಿದ್ದಕ್ಕೆ, ಕಾಯಿಲೆ ವಾಸಿಯಾದದ್ದಕ್ಕೆ ಒಂದು ಮನೆಯವರು ದುಡ್ಡು ಹಾಕಿ ಇಡೀ ಊರಿಗೆ ಆಟ ಆಡಿಸುತ್ತಾರೆ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಇಷ್ಟು ಗಟ್ಟಿಯಾದ ರಂಗ ಅರ್ಥವ್ಯವಸ್ಥೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಆ ಕಾಯ್ದೆ ಹೋಗಬೇಕಿತ್ತು. ಹೋಗಲಿಲ್ಲ. ಪ್ರೇಮಚಂದರ 'ಈದ್‌ಗಾಹ್' ಕತೆ ನಿಮಗೆ ಗೊತ್ತು. ರೊಟ್ಟಿ ಸುಡುವಾಗ ಅಜ್ಜಿಯ ಬೆರಳು ಬೇಯುತ್ತದೆಂದು ಹಮೀದ್ ಎಂಬ ಹುಡುಗ ಜಾತ್ರೆಯಲ್ಲಿ ಆಟಿಕೆ ಬಿಟ್ಟು ಇಕ್ಕಳ ಕೊಂಡು ತರುವ ಕತೆ. 1953ರಲ್ಲಿ ಲಖನೌದಲ್ಲಿ ಇಪ್ಟಾ ಎಂಬ ಜನನಾಟ್ಯ ಸಂಘದ ಕಲಾವಿದರು ಅದನ್ನು ನಾಟಕವಾಗಿ ಆಡಿದಾಗ ಸ್ವತಂತ್ರ ಭಾರತದ ಪೊಲೀಸರು 1876ರ ಕಾಯ್ದೆಯಡಿ ಮೊಕದ್ದಮೆ ಹೂಡಿದರು. 1956ರಲ್ಲಿ ಅಲಹಾಬಾದ್ ಹೈಕೋರ್ಟ್ ಆ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಆದರೂ ಸಂಸತ್ತು ಅದನ್ನು ಪುಸ್ತಕದಿಂದ ಕಿತ್ತುಹಾಕಿದ್ದು 2018ರ ಜನವರಿಯಲ್ಲಿ. ನಡುವೆ ರಾಜ್ಯಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಮದ್ರಾಸಿನದು 1954ರಲ್ಲಿ ಬಂತು, ನಮ್ಮದು 1964ರಲ್ಲಿ. ಅದೇ 1964ರಲ್ಲಿ ಗಿರೀಶ ಕಾರ್ನಾಡರ 'ತುಘಲಕ್' ಪ್ರಕಟವಾಯಿತು. ಪ್ರಜೆಗಳ ಒಳಿತು ತನಗೇ ಚೆನ್ನಾಗಿ ಗೊತ್ತು ಎಂದುಕೊಂಡು ಊರಿಗೆ ಊರನ್ನೇ ಎಬ್ಬಿಸಿ ದೌಲತಾಬಾದಿಗೆ ನಡೆಸಿದ ದೊರೆಯ ನಾಟಕ ಅದು. ನನ್ನ ರಾಜಕೀಯ ನಂಬಿಕೆಗೆ ಯಾರಾದರೂ ಆಧಾರ ಕೇಳಿದರೆ ನಾನು ಮೊದಲು ತೆಗೆದುಕೊಡುವುದು ಆ ಪುಸ್ತಕವನ್ನೇ.

ತುರ್ತುಪರಿಸ್ಥಿತಿಯ ಮಾತು ಬಂದರೆ ಸ್ನೇಹಲತಾ ರೆಡ್ಡಿಯವರ ಹೆಸರು ಹೇಳದೆ ಮುಂದೆ ಹೋಗಲಾರೆ. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡ ಕಟ್ಟಿದವರಲ್ಲೊಬ್ಬರು, 'ಸಂಸ್ಕಾರ' ಚಿತ್ರದ ಚಂದ್ರಿ. 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಉಬ್ಬಸದ ರೋಗಿ. ವಿಚಾರಣೆ ನಡೆಯಲಿಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಅವರು ಸಮಾಜವಾದಿ ಲೋಹಿಯಾ ಅವರ ಅನುಯಾಯಿ. ಆಸ್ತಿ, ಮಾರುಕಟ್ಟೆಗಳ ವಿಷಯದಲ್ಲಿ ಅವರ ದಾರಿ ಬೇರೆ, ನನ್ನ ದಾರಿ ಬೇರೆ. ಆದರೆ ಸರ್ಕಾರ ಕಾರಣ ಹೇಳದೆ ಒಬ್ಬ ನಟಿಯ ಉಸಿರನ್ನು ಕಸಿಯಬಾರದು ಎನ್ನುವುದಕ್ಕೆ ದಾರಿ ಒಂದಾಗಬೇಕಾದ ಅಗತ್ಯವಿಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ಪೆಟ್ಟುಗಳು. ಜೈಲು, ನಿಷೇಧ, ಬೀಗ ಎಂದರೆ ಜನ ತಿರುಗಿ ನೋಡುತ್ತಾರೆ, ಕೋರ್ಟಿಗೂ ಹೋಗುತ್ತಾರೆ. ಕೊಡುವ ಕೈಯ ವಿಷಯ ಹಾಗಲ್ಲ.

ಅಮೆರಿಕದ ಒಂದು ರಾತ್ರಿಯ ಕತೆ ಹೇಳುತ್ತೇನೆ. ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಅಲ್ಲಿನ ಸರ್ಕಾರ ಕೆಲಸವಿಲ್ಲದ ನಟರಿಗೆ ಸಂಬಳ ಕೊಡುವ ಫೆಡರಲ್ ಥಿಯೇಟರ್ ಪ್ರಾಜೆಕ್ಟ್ ಆರಂಭಿಸಿತು. ಮಾರ್ಕ್ ಬ್ಲಿಟ್ಸ್‌ಸ್ಟೀನ್ ಬರೆದ, ಆರ್ಸನ್ ವೆಲ್ಸ್ ನಿರ್ದೇಶಿಸಿದ 'ದ ಕ್ರೇಡಲ್ ವಿಲ್ ರಾಕ್' ಅದರದೇ ನಾಟಕ. ಉಕ್ಕಿನ ಕಾರ್ಖಾನೆಯ ಕಾರ್ಮಿಕ ಸಂಘದ ಕತೆ. 1937ರ ಜೂನ್‌ನಲ್ಲಿ, ಇನ್ನೇನು ತೆರೆ ಏಳಬೇಕು, ಹೊಸ ನಾಟಕಗಳನ್ನು ಸದ್ಯಕ್ಕೆ ಆಡಬಾರದೆಂದು ವಾಷಿಂಗ್ಟನ್‌ನಿಂದ ಆಜ್ಞೆ ಬಂತು. ರಂಗಮಂದಿರಕ್ಕೆ ಬೀಗ ಬಿತ್ತು. ವೇಷ, ಪರದೆ ಎಲ್ಲವೂ ಸರ್ಕಾರದ ಸೊತ್ತು, ಮುಟ್ಟುವಂತಿಲ್ಲ. ತಂಡದವರು ಪ್ರೇಕ್ಷಕರನ್ನು ಕಟ್ಟಿಕೊಂಡು ನ್ಯೂಯಾರ್ಕಿನ ಬೀದಿಗಳಲ್ಲಿ ನಡೆದು ಬಾಡಿಗೆಗೆ ಹಿಡಿದ ವೆನಿಸ್ ಥಿಯೇಟರ್ ಸೇರಿದರು. ರಂಗದ ಮೇಲೆ ಕಾಲಿಡಬಾರದೆಂದು ನಟರಿಗೆ ಅವರದೇ ಯೂನಿಯನ್ನಿನ ಕಟ್ಟಳೆ. ಬ್ಲಿಟ್ಸ್‌ಸ್ಟೀನ್ ಒಬ್ಬನೇ ಪಿಯಾನೋ ಮುಂದೆ ಕೂತ. ಮೊದಲ ಹಾಡು ಶುರುವಾದಾಗ ಆಲಿವ್ ಸ್ಟಾಂಟನ್ ಎಂಬ ನಟಿ ಪ್ರೇಕ್ಷಕರ ನಡುವಿನ ತನ್ನ ಜಾಗದಲ್ಲೇ ಎದ್ದು ನಿಂತು ಹಾಡಿದಳು. ಉಳಿದವರೂ ಒಬ್ಬೊಬ್ಬರಾಗಿ ಇದ್ದಲ್ಲೇ ಎದ್ದರು. ಆ ನಾಟಕದ ತತ್ವ ನನಗೆ ಒಪ್ಪಿಗೆಯಿಲ್ಲ. ಆ ಹೆಣ್ಣುಮಗಳು ಎದ್ದುನಿಂತ ಗಳಿಗೆಯನ್ನು ನೆನೆದರೆ ಇವತ್ತಿಗೂ ಮೈ ನವಿರೇಳುತ್ತದೆ. 1939ರ ಜೂನ್ 30ಕ್ಕೆ ಅಮೆರಿಕದ ಸಂಸತ್ತು ಆ ಯೋಜನೆಯ ಹಣವನ್ನೇ ನಿಲ್ಲಿಸಿತು. ಬೀಗ ಹಾಕುವ ಕಷ್ಟವೂ ಬೇಕಾಗಲಿಲ್ಲ.

ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಫ್ರೆಡೆರಿಕ್ ಬಾಸ್ತಿಯಾ 1850ರಲ್ಲೇ ರಂಗಭೂಮಿಯ ಸರ್ಕಾರಿ ಸಹಾಯಧನದ ಬಗ್ಗೆ ಬರೆದಿದ್ದ. ಸಹಾಯಧನ ಬೇಡ ಎನ್ನುವವನನ್ನು ಕಲೆಯೇ ಬೇಡ ಎನ್ನುವವನೆಂದು ತಿಳಿಯಬಾರದು ಎಂಬುದು ಅವನ ವಾದ. ನನ್ನನ್ನೂ ಹಾಗೆ ತಿಳಿದವರಿದ್ದಾರೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಸರ್ಕಾರದ ಹಣದಲ್ಲೇ ನಡೆದರೂ ಅದರ ನಿರ್ದೇಶಕರಾಗಿದ್ದ ಅಲ್ಕಾಜಿಯವರು ಪುರಾನಾ ಕಿಲಾದಲ್ಲಿ 'ತುಘಲಕ್' ಆಡಿಸಲಿಲ್ಲವೇ ಎಂದು ಕೇಳುತ್ತಾರೆ. ಆಡಿಸಿದರು. ಅದು ಅಲ್ಕಾಜಿಯವರ ಎದೆಗಾರಿಕೆ. ಅಂಥ ಎದೆಗಾರಿಕೆಯನ್ನು ತಾಲ್ಲೂಕಿನ ಇಪ್ಪತ್ತೆರಡರ ಹುಡುಗನಿಂದ ಕೇಳುವುದು ನ್ಯಾಯವಲ್ಲ. ಟಿಕೆಟ್ಟನ್ನೇ ನಂಬಿದ್ದ ಎಷ್ಟೋ ವೃತ್ತಿ ಕಂಪನಿಗಳು ಸಿನಿಮಾ ಬಂದ ಮೇಲೆ ಮುಳುಗಿದವಲ್ಲ ಎನ್ನುತ್ತಾರೆ. ಮುಳುಗಿದವು, ಆ ನೋವು ನನಗೂ ಇದೆ. ಸಣ್ಣ ತಂಡಗಳಿಗೆ, ದಲಿತ ಕೇರಿಯ, ಹೆಣ್ಣುಮಕ್ಕಳ ತಂಡಗಳಿಗೆ ಹರಕೆ ಹೊರುವ ಭಕ್ತರಿಲ್ಲ ಎನ್ನುವ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಸರ್ಕಾರ ರಂಗಮಂದಿರ ಕಟ್ಟಲಿ, ದೀಪ ಹಾಕಲಿ, ಬಾಗಿಲು ತೆರೆದು ಎಲ್ಲರಿಗೂ ಒಂದೇ ಬಾಡಿಗೆ ಹೇಳಲಿ. ಯಾವ ನಾಟಕ ಒಳ್ಳೆಯದು, ಯಾವ ತಂಡ ಅರ್ಹ ಎಂದು ಕೂತು ಆರಿಸುವ ಸಮಿತಿ ಬೇಡ. ರಸ್ತೆ ಹಾಕಿದವರು ಗಾಡಿ ಎಲ್ಲಿಗೆ ಹೊರಟಿದೆ ಎಂದು ಕೇಳುವುದಿಲ್ಲವಲ್ಲ.

ಈ ಉಪನ್ಯಾಸಕ್ಕೆಂದು ದತ್ತಿ ಇಟ್ಟ ಹಿರಿಯರು ಉಪನ್ಯಾಸಕಾರರ ಬರಹವನ್ನು ಮೊದಲೇ ತರಿಸಿ ನೋಡಬಾರದು ಎಂದು ಪತ್ರದಲ್ಲೇ ಬರೆಸಿದ್ದಾರೆಂದು ಅವರ ಮಗಳು ನಿನ್ನೆ ಹೇಳಿದರು. ನಾನು ಅವರನ್ನು ಕಂಡವನಲ್ಲ. ಅವರ ಠೇವಣಿಯ ಬಡ್ಡಿಯಲ್ಲಿ ಇಲ್ಲಿ ನಿಂತು ಮಾತಾಡುತ್ತಿದ್ದೇನೆ, ಅವರಿಗೆ ನನ್ನ ನಮಸ್ಕಾರ.

ಆ ಪೆನ್ಸಿಲ್ ಗೆರೆಗೆ ಏನಾಯಿತೆಂದು ಹೇಳಿಬಿಡುತ್ತೇನೆ. ಮಾರ್ಚ್ ಬಂತು, ಬಿಲ್ ಪಾಸಾಯಿತು. ಅಷ್ಟರಲ್ಲಿ ಮುಂದಿನ ವರ್ಷದ ಅರ್ಜಿ ಹಾಕುವ ಹೊತ್ತಾಗಿತ್ತು. ನಾಟಕ ಹದಿನೇಳು ಪ್ರದರ್ಶನ ಕಂಡಿತು, ಹದಿನೇಳರಲ್ಲೂ ಅಜ್ಜಿ ಖಾಲಿ ಕೊಡ ಹಿಡಿದು ಬಂದು ಸುಮ್ಮನೆ ನಿಂತು ಹೋದಳು. ಈ ಉಪನ್ಯಾಸ ಬರೆಯಲು ಕೂತಾಗ ಟ್ರಂಕಿನಿಂದ ಆ ಹಸ್ತಪ್ರತಿ ತೆಗೆದೆ. ಪೆನ್ಸಿಲ್ ಮಾಸಿ ಹೋಗಿದೆ, ಕೆಳಗಿನ ಅಕ್ಷರ ನಿಚ್ಚಳವಾಗಿ ಕಾಣುತ್ತದೆ. ಆ ವರ್ಷದ ಬರ, ಆ ವರ್ಷದ ಮಂತ್ರಿ, ಆ ವರ್ಷದ ಒಂದು ಭರವಸೆ ಕುರಿತ ಮಾತು. ಮೊಮ್ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಕೇಳಿ, "ಇದರಲ್ಲಿ ನಗೋದೇನಿದೆ ತಾತ?" ಅಂದಳು.