ಕಾಲಿಗೆ ತಕ್ಕ ಶೂ, ಕೈಗೆ ತಕ್ಕ ಬೆಲೆ

ಹೋದ ವಾರ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ತಾಯಿ ಕೇಳಿದರು: "ಟೀಚರಮ್ಮ, ಮಗಳು ಹೋಬಳಿ ಓಟದಲ್ಲಿ ಗೆದ್ದಿದ್ದಾಳೆ. ಇನ್ನು ತಾಲ್ಲೂಕಿಗೆ ಹೋಗಬೇಕು. ಓಡೋ ಶೂ ಬೇಕು ಅಂತಾಳೆ. ಅಂಗಡಿಯವನು ಕೊಟ್ಟಿದ್ದೇ ತರಬೇಕಾ? ನಾವು ನೋಡಿ ತರೋದು ಹೇಗೆ?"

ಒಳ್ಳೆಯ ಪ್ರಶ್ನೆ. ಇವತ್ತು ಅದನ್ನೇ ಮಾತಾಡೋಣ.

ಶೂ ಅಂದರೆ ಸಣ್ಣ ವಿಷಯ ಅನ್ನಬೇಡಿ. ಅದು ನೀವು ಬಿಸಿಲಲ್ಲಿ ದುಡಿದ ಹಣ. ಶೂ ಬಿಗಿಯಾದರೆ ಬೆರಳು ಒತ್ತಿ ಉಗುರು ಕಪ್ಪಾಗುತ್ತದೆ. ಸಡಿಲವಾದರೆ ಹಿಮ್ಮಡಿ ಉಜ್ಜಿ ಬೊಬ್ಬೆ ಏಳುತ್ತದೆ. ನೋವು ತಡೆಯಲಾರದೆ ಹುಡುಗಿ ಓಟ ಬಿಡುತ್ತಾಳೆ. ಆಗ ಜನ ಏನಂತಾರೆ? "ಹೆಣ್ಣು ಹುಡುಗಿಗೆ ಓಟ ಆಗಲ್ಲ ಅಂತ ಆಗಲೇ ಹೇಳಲಿಲ್ವಾ?" ಅಂತಾರೆ. ತಪ್ಪು ಹುಡುಗಿಯದಲ್ಲ. ಅಳತೆ ನೋಡದೆ ತಂದ ಶೂನದು.

ಶೂ ಇಲ್ಲದೆ ಓಡಲೇ ಆಗದು ಎಂದಲ್ಲ. ಆಫ್ರಿಕಾದಲ್ಲಿ ಇಥಿಯೋಪಿಯ ಎಂಬ ದೇಶವಿದೆ. ಆ ದೇಶದ ಅಬೆಬೆ ಬಿಕಿಲ 1960ರಲ್ಲಿ ರೋಮ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದರು. ದೂರ 42 ಕಿಲೋಮೀಟರಿಗೂ ಹೆಚ್ಚು. ಬರಿಗಾಲಿನಲ್ಲಿ ಓಡಿ ಗೆದ್ದರು. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಗೆದ್ದರು. ಓಡುವುದು ಕಾಲು, ಶೂ ಅಲ್ಲ. ಆದರೆ ನಮ್ಮ ಮೈದಾನದಲ್ಲಿ ಕಲ್ಲು ಇದೆ, ಮುಳ್ಳು ಇದೆ, ಗಾಜಿನ ಚೂರು ಇದೆ. ಆ ಕಾಲನ್ನು ಕಾಪಾಡಲು ಶೂ ಬೇಕು.

ಮೊದಲು ಕಾಲು ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಈ ಕೆಲಸ ಮಾಡಿ. ಸಂಜೆ ಹೊತ್ತು ಅಳೆಯಿರಿ. ದಿನವೆಲ್ಲ ಓಡಾಡಿದ ಮೇಲೆ ಕಾಲು ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಸರಿಯಾದ ಶೂ ಸಂಜೆ ಬಿಗಿಯಾಗಬಹುದು.

ನೆಲದ ಮೇಲೆ ಕಾಗದ ಹಾಸಿ. ಮಗಳು ಅದರ ಮೇಲೆ ನೆಟ್ಟಗೆ ನಿಲ್ಲಲಿ, ಕೂರುವುದು ಬೇಡ. ಪೆನ್ಸಿಲ್ ನೇರ ಹಿಡಿದು ಪಾದದ ಸುತ್ತ ಗೆರೆ ಎಳೆಯಿರಿ. ಹಿಮ್ಮಡಿಯಿಂದ ಉದ್ದದ ಬೆರಳಿನ ತುದಿಯವರೆಗೆ ಸ್ಕೇಲಿನಿಂದ ಅಳೆಯಿರಿ. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೇ ಬೆರಳೇ ಉದ್ದ. ಎರಡೂ ಕಾಲು ಅಳೆಯಿರಿ. ಒಂದು ಕಾಲು ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುವುದು ಸಾಮಾನ್ಯ. ದೊಡ್ಡ ಕಾಲಿನ ಅಳತೆಗೇ ಶೂ ತರಬೇಕು. ಅಳತೆಯನ್ನು ಕಾಗದದ ಮೇಲೆ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ!

ಒದ್ದೆ ಪಾದದ ಗುರುತು ನೋಡಿ ಶೂ ಆರಿಸಬೇಕು ಎಂದು ಕೆಲವರು ಹೇಳುತ್ತಾರೆ. ಅಮೆರಿಕದ ಸೈನಿಕರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಪಾದದ ಆಕಾರ ನೋಡಿ ಶೂ ಕೊಟ್ಟರೂ ಕಾಲುನೋವು, ಪೆಟ್ಟು ಕಡಿಮೆಯಾಗಲಿಲ್ಲ. ಹಾಕಿಕೊಂಡಾಗ ಕಾಲಿಗೆ ಹಿತವಾಗಿದೆಯೇ? ಅದನ್ನೇ ಮುಖ್ಯವಾಗಿ ನೋಡಿ.

ಅಂಗಡಿಯಲ್ಲಿ ಏನು ನೋಡಬೇಕು?

ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಓಡುವಾಗ ಹಾಕುವ ಕಾಲುಚೀಲವನ್ನೂ ಒಯ್ಯಿರಿ. ಅಳತೆ ಕಾಗದ ಮರೆಯಬೇಡಿ.

ಶೂ ಮೇಲೆ 4, 5, 6 ಎಂದು ನಂಬರು ಇರುತ್ತದೆ. ಅದನ್ನೇ ನಂಬಬೇಡಿ. ಒಂದು ಕಂಪನಿಯ 5 ಇನ್ನೊಂದು ಕಂಪನಿಯ 5ಕ್ಕೆ ಸಮ ಇರುವುದಿಲ್ಲ. ಒಳಗೆ ಹಾಸಿದ ಮೆತ್ತೆ ಹೊರಗೆ ಬರುವಂತಿದ್ದರೆ ತೆಗೆದು, ಅದರ ಮೇಲೆ ಪಾದ ಇಟ್ಟು ನೋಡಿ. ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ಪಕ್ಕಕ್ಕೆ ಪಾದ ಹೊರಚಾಚಬಾರದು.

ಶೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡ ಇರುವ ಕಡೆ ಬಗ್ಗಬೇಕು. ನಟ್ಟನಡುವೆ ಮಡಿಚಿಕೊಂಡರೆ ಬೇಡ. ಹಗುರವಾಗಿರಲಿ. ತಳ ನೆಲ ಹಿಡಿಯುವಂತಿರಲಿ. ಅಂಟು ಬಿಟ್ಟಿದೆಯೇ ನೋಡಿ.

ಎರಡೂ ಕಾಲಿಗೆ ಹಾಕಿ, ದಾರ ಕಟ್ಟಿ, ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಲಿ. ಹಿಮ್ಮಡಿ ಜಾರಬಾರದು. ಬೆರಳು ಆಡಬೇಕು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂಬ ಮಾತಿಗೆ ಮರುಳಾಗಬೇಡಿ. ಇವತ್ತು ಒತ್ತುವ ಶೂ ಇವತ್ತೇ ಬೇಡ. "ಬೆಳೆಯೋ ಮಗು" ಎಂದು ಎರಡು ನಂಬರು ದೊಡ್ಡದು ತಂದು, ಮುಂದೆ ಬಟ್ಟೆ ತುರುಕುವುದೂ ಬೇಡ. ಓಡುವಾಗ ಎಡವಿ ಬೀಳುತ್ತಾಳೆ.

ಬೆಲೆಯ ಲೆಕ್ಕ

ಡಬ್ಬಿಯ ಮೇಲೆ ಎಂ.ಆರ್.ಪಿ. ಎಂದು ಬರೆದಿರುತ್ತದೆ. ತೆರಿಗೆಯೂ ಸೇರಿ ಅದು ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಡಿಮೆಗೆ ಕೊಡಬಹುದು. ಆದ್ದರಿಂದ ಅಂಕಿಯನ್ನು ನೀವೇ ಓದಿ, ಆಮೇಲೆ ಚೌಕಾಸಿ ಮಾಡಿ. ರಶೀದಿ ಕೇಳಿ ಪಡೆಯಿರಿ.

ಕಡಿಮೆ ಬೆಲೆಯೇ ಯಾವಾಗಲೂ ಲಾಭ ಅಲ್ಲ. ಲೆಕ್ಕಕ್ಕೆಂದು ಹೇಳುತ್ತೇನೆ, ಕೇಳಿ. 300 ರೂಪಾಯಿಯ ಶೂ 2 ತಿಂಗಳಿಗೆ ಹರಿದರೆ ತಿಂಗಳಿಗೆ 150 ರೂಪಾಯಿ ಬಿತ್ತು. 600 ರೂಪಾಯಿಯದು 6 ತಿಂಗಳು ಬಂದರೆ ತಿಂಗಳಿಗೆ 100 ರೂಪಾಯಿ. ಹಾಗೆಂದು ಬೆಳೆಯುವ ಹುಡುಗಿಗೆ 2,000 ರೂಪಾಯಿಯ ಶೂ ಬೇಕಿಲ್ಲ. ಶೂ ಹರಿಯುವ ಮೊದಲೇ ಕಾಲು ಬೆಳೆದುಬಿಡುತ್ತದೆ. ಕಂಪನಿಯ ಹೆಸರಿಗೆ, ಬಣ್ಣಕ್ಕೆ ಹಣ ಕೊಡಬೇಡಿ. ತಳಕ್ಕೆ, ಹೊಲಿಗೆಗೆ ಕೊಡಿ. ತಳದಲ್ಲಿ ಮೊಳೆ ಇರುವ ಸ್ಪೈಕ್ ಶೂ ಈಗಲೇ ಬೇಡ. ಅದು ಬೇಕಾದಾಗ ಆಟದ ಮೇಷ್ಟ್ರನ್ನು ಕೇಳಿ ತನ್ನಿ.

ಶೂ ಒದ್ದೆಯಾದರೆ ಒಳಗೆ ಹಳೆಯ ಪತ್ರಿಕೆ ತುಂಬಿ ನೆರಳಲ್ಲಿ ಒಣಗಿಸಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಮಗಳ ಕಾಲನ್ನು ಮತ್ತೆ ಅಳೆಯಿರಿ.

ನಿಮ್ಮ ಕಾಲು ಯಾರು ನೋಡಬೇಕು?

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಗಂಡನಿಗೆ ಆಯಿತು, ಮಕ್ಕಳಿಗೆ ಆಯಿತು. ನಿಮಗೆ? ಕಿತ್ತುಹೋದ ಉಂಗುಷ್ಠಕ್ಕೆ ಪಿನ್ನು ಹಾಕಿಕೊಂಡು ಹೊಲಕ್ಕೆ ಹೋಗುತ್ತೀರಿ. ಬರಿಗಾಲಿನಲ್ಲಿ ಕೊಳೆ ಮಣ್ಣು ತುಳಿದರೆ ಕೊಕ್ಕೆಹುಳು ಚರ್ಮದ ಮೂಲಕ ಒಳಗೆ ಸೇರುತ್ತದೆ. ಅದು ರಕ್ತ ಹೀರಿ ರಕ್ತಹೀನತೆ ತರುತ್ತದೆ. ಸಕ್ಕರೆ ಕಾಯಿಲೆ ಇದ್ದವರ ಕಾಲಿಗೆ ಸ್ಪರ್ಶ ಕಡಿಮೆಯಾಗಬಹುದು. ಗಾಯವಾದರೂ ಗೊತ್ತಾಗದು. ಅಂಥವರು ದಿನವೂ ರಾತ್ರಿ ಪಾದ ನೋಡಿಕೊಳ್ಳಬೇಕು. ಯಾವ ಚಪ್ಪಲಿ ಹಾಕಬೇಕೆಂದು ಡಾಕ್ಟರನ್ನು ಕೇಳಬೇಕು.

ಆದ್ದರಿಂದ ಇವತ್ತು ಸಂಜೆ ಕಾಗದ ಹಾಸಿದಾಗ ಮಗಳ ಪಾದ ಒಂದನ್ನೇ ಬರೆಯಬೇಡಿ. ಪಕ್ಕದಲ್ಲಿ ನಿಮ್ಮ ಪಾದವನ್ನೂ ಇಡಿ. ಗೆರೆಯನ್ನು ಮಗಳು ಎಳೆಯಲಿ. ಅಳತೆಯನ್ನೂ ನಿಮ್ಮ ಹೆಸರನ್ನೂ ನಿಮ್ಮ ಕೈಯಾರೆ ಬರೆಯಿರಿ. ನಾಳೆ ಆ ಕಾಗದ ತನ್ನಿ, ಎಲ್ಲರೂ ಕೂತು ಓದೋಣ.