ಡಲ್ಲಾಸ್‌ಗೆ ಹೋಗೋ ಮುಂಚೆ ಕಾಕಾ ಹಾಕಿಸಿದ ಲೆಕ್ಕ

ಮೂಡಲಗಿ ತಾಲೂಕಿನ ತುಕ್ಕಾನಟ್ಟಿಯಿಂದ ಮಾತಾಡ್ತಿದ್ದೀನಿ. ಹಿಂದೆ ಮೋಟರ್ ಸದ್ದು ಕೇಳಿಸಿದರೆ ಬೇಜಾರು ಮಾಡ್ಕೋಬ್ಯಾಡ್ರಿ, ಈಗಷ್ಟೇ ಥ್ರೀ ಫೇಸ್ ಕರೆಂಟ್ ಬಂದೈತಿ.

ನಿವೃತ್ತಿ ಆದ ಮೇಲೆ ಥಾಯ್ಲೆಂಡ್‌ಗೆ ಹೋಗ್ರಿ, ಪೋರ್ಚುಗಲ್‌ಗೆ ಹೋಗ್ರಿ, ಕಡಿಮೆ ಖರ್ಚಿನಲ್ಲಿ ಆರಾಮ ಇರ್ರಿ ಅನ್ನೋ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬೇಕು. ನಾನು ನೋಡಿದಂಥವನ್ನು ಮಾಡಿದವರು ಹೆಚ್ಚಾಗಿ ಅಮೆರಿಕ, ಯುರೋಪಿನವರು. ಅವರಿಗೆ ಪಿಂಚಣಿ ಡಾಲರ್‌ನಲ್ಲಿ, ಯುರೋದಲ್ಲಿ ಬರ್ತದೆ, ಖರ್ಚು ಬಾತ್‌ನಲ್ಲಿ ಆಗ್ತದೆ. ಥಾಯ್ಲೆಂಡಿನ ನಿವೃತ್ತಿ ವೀಸಾಕ್ಕೆ ವಯಸ್ಸು 50 ಆಗಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಒಂದು ಬಾತ್‌ಗೆ ಎರಡೂವರೆ ರೂಪಾಯಿ ಹಿಡಿದರೂ ಅದು 1,62,500 ರೂಪಾಯಿ. ನಮ್ಮ ಕಡೆ ಯಾವ ನಿವೃತ್ತ ಮಾಸ್ತರಿಗೆ ಅಷ್ಟು ಪಿಂಚಣಿ ಬರ್ತದೆ ಹೇಳ್ರಿ?

ನಮ್ಮವರು ಹೋಗೋ ದಾರಿ ಬೇರೆ. ಮಗ ಅಲ್ಲಿದ್ದಾನೆ, ಮಗಳು ಅಲ್ಲಿದ್ದಾಳೆ, ಅದಕ್ಕೆ ಹೋಗ್ತಾರೆ. ಇವತ್ತಿನ ಮಾತು ಅದರ ಬಗ್ಗೆ.

ನಮ್ಮ ಕಾಕಾ ಪ್ರಾಥಮಿಕ ಶಾಲೆ ಹೆಡ್‌ಮಾಸ್ತರ್ ಆಗಿ ನಿವೃತ್ತರಾದವರು. ಅವರಿಗೀಗ 64, ಕಾಕುಗೆ 60. ಒಬ್ಬನೇ ಮಗ, ಡಲ್ಲಾಸ್‌ನಲ್ಲಿ ಇದ್ದಾನೆ. ಅಮೆರಿಕದ ಪೌರತ್ವ ಸಿಕ್ಕಿದೆ. ಹಂಗಾಗಿ ತಂದೆ ತಾಯಿಗೆ ಗ್ರೀನ್ ಕಾರ್ಡ್ ಕೇಳಬಹುದು. ಅಣ್ಣ-ತಮ್ಮಂದಿರಿಗೆ ಕೇಳಿದಾಗ ವರ್ಷಗಟ್ಟಲೆ ಪಾಳಿ ಹಚ್ಚಬೇಕು, ತಂದೆ ತಾಯಿಗೆ ಆ ಕೋಟಾ ಇಲ್ಲ.

ಅವನು ಕರೆಯೋದು ಶುರು ಮಾಡಿದ್ದು 2019ರ ಆಗಸ್ಟ್ ಆದ ಮೇಲೆ. ಘಟಪ್ರಭಾ ಉಕ್ಕಿ ಗೋಕಾಕದೊಳಗೆ ನೀರು ಹೊಕ್ಕಿತ್ತು, ಲೋಳಸೂರ ಸೇತುವೆ ಮುಳುಗಿತ್ತು. ಆ ರಾತ್ರಿ ಇವರ ಫೋನ್ ಹತ್ತಲಿಲ್ಲ. ಇವರಿಗೆ ಏನೂ ಆಗಿರಲಿಲ್ಲ, ಚಾರ್ಜ್ ಮುಗಿದಿತ್ತು ಅಷ್ಟೇ. ಆದರೆ ಅವನು ಅಲ್ಲಿ ಟಿವಿ ಮುಂದೆ ಕುಂತು ರಾತ್ರಿಯೆಲ್ಲಾ ನಂಬರ್ ಒತ್ತಿದ್ದ.

ಈ ಸಲ ದೀಪಾವಳಿ ಆದ ಮೇಲೆ ಕಾಕಾ ಒಂದು ನೋಟ್‌ಬುಕ್ ಹಿಡಿದು ನನ್ನ ಕೋಣೆಗೆ ಬಂದರು. “ನೀ ಬಿಕಾಂ ಮಾಡೀಯಲ್ಲಪಾ, ಲೆಕ್ಕಾ ಹಾಕಿ ಹೇಳು. ಎರಡು ಎಕರೆ ಕಬ್ಬಿನ ಹೊಲಾ ಕೊಟ್ಟು ಹೋಗಿಬಿಟ್ರ ನಡೀತದೋ ಇಲ್ಲೋ?”

ಮೊದಲು ಪಿಂಚಣಿ. ತಿಂಗಳಿಗೆ 34,000. ಡಾಲರ್‌ಗೆ 85 ರೂಪಾಯಿ ಹಿಡಿದರೆ 400 ಡಾಲರ್. ಇಲ್ಲಿ ಅದರಲ್ಲಿ ಮನೆ ನಡೆದು, ಮದುವೆ-ಮುಂಜಿವಿ ಆಯೇರಿ ಮುಗಿದು, ಸ್ವಲ್ಪ ಉಳೀತದೆ.

ಎರಡನೇದು ದವಾಖಾನೆ. ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಇದೆ. ಗ್ರೀನ್ ಕಾರ್ಡ್ ಮೇಲೆ ಹೋದವರು ಅಲ್ಲಿ ಸತತ ಐದು ವರ್ಷ ಇರಬೇಕು, ಆಮೇಲೆ ಅರ್ಜಿ. ಅಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಆಸ್ಪತ್ರೆಯ ಭಾಗಕ್ಕೆ ಕಂತು ಇಲ್ಲ. ಗಂಡನೂ ಹೆಂಡತಿಯೂ ದುಡಿಯದಿದ್ದರೆ 2025ರ ದರದಂತೆ ಆ ಭಾಗಕ್ಕೆ ತಿಂಗಳಿಗೆ 518 ಡಾಲರ್, ಡಾಕ್ಟರ ಭಾಗಕ್ಕೆ 185. ಎರಡೂ ಸೇರಿ 703. ಅದು ಒಬ್ಬರಿಗೆ! ಹೆಚ್ಚುಕಡಿಮೆ 60,000 ರೂಪಾಯಿ. ಅದಕ್ಕೂ ಮುಂಚಿನ ಐದು ವರ್ಷ ಖಾಸಗಿ ವಿಮೆ, ಅದರ ಕಂತೂ ಮಗನ ತಲೆ ಮೇಲೆ.

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. “ಅಂದ್ರ ನನ್ನ ಪಿಂಚಣಿ ನನ್ನ ವಿಮಾಕ್ಕೂ ಸಾಲೂದಿಲ್ಲ.”

ಮೂರನೇದು, ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಅನ್ನೋ ಲೆಕ್ಕ. ಕೇಳಾಕ ಚಲೋ ಅನಿಸ್ತದೆ. ಆದರೆ ಗ್ರೀನ್ ಕಾರ್ಡ್ ಇರೋದು ಅಲ್ಲೇ ಇರೋರಿಗೆ. ಮೊದಲೇ ಅನುಮತಿ ಪತ್ರ ಮಾಡಿಸದೆ ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಅದನ್ನು ಬಿಟ್ಟಂತೆ ಅಂತ ಹೇಳಬಹುದು. ಇನ್ನೊಂದು, ಗ್ರೀನ್ ಕಾರ್ಡ್ ಬಂದ ಮೇಲೆ ಇಲ್ಲಿನ ಖಾತೆಗಳೆಲ್ಲಾ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅಲ್ಲಿನ ಸರ್ಕಾರಕ್ಕೆ ತಿಳಿಸಬೇಕು. ನಿವೃತ್ತಿ ದುಡ್ಡನ್ನು ಠೇವಣಿ ಇಟ್ಟ ಯಾವ ಮಾಸ್ತರಿಗಾದರೂ 8.5 ಲಕ್ಷ ದಾಟೋದು ದೊಡ್ಡ ಮಾತಲ್ಲ. ತಿಳಿಸದಿದ್ದರೆ ದಂಡ ದೊಡ್ಡದು.

ನಾಲ್ಕನೇದು ಹೊಲ. ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡಿದ್ದು ಇದರ ಮೇಲೆ. ವಿದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿರೋ ಹೊಲವನ್ನು ಇಟ್ಟುಕೊಳ್ಳಬಹುದು. ಪಿತ್ರಾರ್ಜಿತವಾಗಿ ಬಂದರೆ ಪಡೆಯಬಹುದು. ಮಾರಬೇಕಂದ್ರೆ ಇಲ್ಲೇ ಇರೋ ಭಾರತೀಯರಿಗೆ ಮಾರಬಹುದು. ಆದರೆ ಅನಿವಾಸಿ ಆಗಿರೋ ತನಕ, ಅಥವಾ ಅಲ್ಲಿನ ಪೌರತ್ವ ತಗೊಂಡು ಓಸಿಐ ಕಾರ್ಡ್ ಮೇಲೆ ಇರುವಾಗ, ಹೊಸದಾಗಿ ಕೃಷಿ ಜಮೀನು ಖರೀದಿ ಮಾಡಾಕ ಬರಂಗಿಲ್ಲ. ಬೆಳಗಾವಿಯಲ್ಲಿ ಫ್ಲಾಟ್ ತಗೋಬಹುದು, ತುಕ್ಕಾನಟ್ಟಿಯಲ್ಲಿ ಒಂದು ಗುಂಟೆ ಹೊಲ ಆಗಂಗಿಲ್ಲ. “ಕಾಕಾ, ಮಾರೋದು ಒಂದು ದಿನದ ಕೆಲಸ ರೀ. ಅಲ್ಲಿಂದ ಮತ್ತೆ ಕೊಳ್ಳೋ ಬಾಗಿಲು ಇಲ್ಲ” ಅಂದೆ.

ಇಷ್ಟಕ್ಕೆ ಲೆಕ್ಕ ಮುಗೀತು ಅನ್ಕೊಂಡಿದ್ದೆ. ಕಾಕಾಗೂ ಒಳಗೊಳಗೆ ಸಮಾಧಾನ ಆಗಿತ್ತು. ಅವರಿಗೆ ಹೋಗೋ ಮನಸ್ಸೇ ಇರಲಿಲ್ಲ. 2023ರಲ್ಲಿ ಇಬ್ಬರೂ ಆರು ತಿಂಗಳು ಡಲ್ಲಾಸ್‌ನಲ್ಲಿದ್ದು ಬಂದಾಗ “ಜೈಲ ಇದ್ದಂಗ ಐತಿ, ಕಾರ್ ಇಲ್ಲದ ಹಾಲೂ ತರಾಕ ಆಗೂದಿಲ್ಲ” ಅಂತ ಊರೆಲ್ಲಾ ಹೇಳಿದ್ದರು.

ಅಷ್ಟರಲ್ಲಿ ಕಾಕು ಚಾ ತಂದರು. ಸುಮ್ಮನೆ ಕೇಳಿದೆ, “ಕಾಕು, ನಿಮಗ ಅಲ್ಲಿ ಹೆಂಗನಿಸ್ತರಿ?”

“ಚಲೋ ಅನಿಸ್ತು” ಅಂದರು. “ನಳಾ ತಿರುವಿದ್ರ ಬಿಸಿನೀರು. ನಿಂತ ಅಡಗಿ ಮಾಡ್ತಿದ್ದೆ, ಮೊಣಕಾಲ ಮಡಚೂದ ಇರಲಿಲ್ಲ. ಆರು ತಿಂಗಳು ನನಗ ಯಾರೂ ‘ಚಾ ಇಡು’ ಅನಲಿಲ್ಲ, ಮಗಾನ ಮಾಡಿ ಕೊಡ್ತಿದ್ದ.”

ಕಾಕಾ ಕಪ್ಪು ಹಿಡಿದು ಹಂಗೇ ಕುಂತರು. 37 ವರ್ಷದ ಸಂಸಾರ. ಈ ಪ್ರಶ್ನೆ ಅವರು ಕೇಳಿರಲಿಲ್ಲ. ನಾನೂ ಹಾಳೆಗಟ್ಟಲೆ ಲೆಕ್ಕ ಬರೆದಿದ್ದೆ, ಅದರಲ್ಲಿ ಕಾಕು ಮೊಣಕಾಲು ಎಲ್ಲೂ ಇರಲಿಲ್ಲ.

“ಹಂಗಾರ ಹೋಗೂಣೇನು?” ಅಂತ ಕಾಕಾ ಕೇಳಿದರು.

“ಹೊಲಾ ಮಾರಿ ಬ್ಯಾಡ” ಅಂದರು ಕಾಕು. “ಅಲ್ಲಿ ನಮ್ಮದಂತ ಒಂದು ರೂಪಾಯಿ ಇರೂದಿಲ್ಲ. ಸೊಸಿ ಚಲೋ ಹುಡುಗಿ. ಅಕಿ ಕೈ ನೋಡ್ಕೊಂತ ಕುಂತ್ರ ಅಕಿ ಎಷ್ಟ ದಿನಾ ಚಲೋ ಇರಬೇಕು?”

ಆಮೇಲೆ ಅಣ್ಣನಿಗೆ ವಿಡಿಯೊ ಕಾಲ್ ಮಾಡಿದ್ವಿ. ಹೊಲದ ದುಡ್ಡು ಅವನು ಕೇಳೇ ಇರಲಿಲ್ಲ. “ನನಗ ಅಂಜಿಕಿ ಆಗ್ತದಪಾ, ಅಷ್ಟ” ಅಂದ. ಒಂದು ತಾಸು ಮಾತಾಡಿ ಮೂರು ತೀರ್ಮಾನ ಆದವು. ಹೊಲ ಮಾರೋದಿಲ್ಲ, ಲಾವಣಿಗೆ ಕೊಡೋದು. ಗ್ರೀನ್ ಕಾರ್ಡ್ ಅರ್ಜಿ ಸದ್ಯಕ್ಕೆ ಬೇಡ, ಪ್ರವಾಸಿ ವೀಸಾದ ಮೇಲೆ ಆರು ತಿಂಗಳ ಒಳಗೆ ಹೋಗಿಬರೋದು, ಹೋಗುವಾಗ ಇಲ್ಲಿಂದಲೇ ಪ್ರವಾಸ ವಿಮೆ. ಮತ್ತೆ, ಈ ಮನೆಯೊಳಗೆ ಬಿಸಿನೀರಿನ ಗೀಸರ್, ಕೂರೋ ಕಮೋಡು, ಎತ್ತರದ ಅಡಿಗೆ ಕಟ್ಟೆ. ಕಾಕು ಮೊಣಕಾಲನ್ನು ಬೆಳಗಾವಿಯಲ್ಲಿ ತೋರಿಸೋದು. ಇದಿಷ್ಟರ ಖರ್ಚು ಇಬ್ಬರ ಒಂದೇ ವರ್ಷದ ಮೆಡಿಕೇರ್ ಕಂತಿಗಿಂತ ಕಡಿಮೆ ಆಗ್ತದೆ ಅಂತ ನನ್ನ ಅಂದಾಜು. ಗೌಂಡಿ ಕೆಲಸ ಶುರು ಆಗೈತಿ.

ವಿದೇಶಕ್ಕೆ ಹೋಗಬ್ಯಾಡ್ರಿ ಅಂತ ನಾನು ಹೇಳ್ತಿಲ್ಲ. ಕೆಲವರಿಗೆ ಮಗನ ಮನೆಯೇ ಸರಿ. ಹೋಗೋದಾದರೆ ತಿರುಗಿ ಬರೋ ದಾರಿ ಉಳಿಸಿಕೊಂಡು ಹೋಗ್ರಿ: ಹೊಲ, ಮನೆ, ಕೈಯಲ್ಲಿ ಸ್ವಂತ ದುಡ್ಡು. ಮತ್ತೆ ‘ಚಲೋ ಜೀವನ’ ಅಂದ್ರೆ ಏನು ಅಂತ ಮನೆಯ ಇಬ್ಬರನ್ನೂ ಬೇರೆ ಬೇರೆ ಕೇಳ್ರಿ. ಉತ್ತರ ಒಂದೇ ಇರೋದಿಲ್ಲ.

ಒಂದು ಪ್ರಶ್ನೆಗೆ ನಮ್ಮ ಹತ್ರ ಉತ್ತರ ಸಿಗಲಿಲ್ಲ. ಮುಂದೊಂದು ದಿನ ಇಬ್ಬರಲ್ಲಿ ಒಬ್ಬರೇ ಉಳಿದಾಗ ಏನು ಮಾಡೋದು? ಕಾಲ್‌ನಲ್ಲಿ ಅಣ್ಣ ಅದನ್ನು ಕೇಳಿದ. ಕಾಕಾ “ಆವಾಗ ನೋಡೂಣು” ಅಂದರು. ಕಾಕು ಏನೂ ಅನಲಿಲ್ಲ. ನಿಮ್ಮ ಮನೆಯಲ್ಲಿ ಇದರ ಬಗ್ಗೆ ಮಾತಾಗಿದ್ದರೆ ನನಗೊಂದು ಧ್ವನಿ ಸಂದೇಶ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.