ಹತ್ತು ಅಡಿ ನಡುಮನೆಗೆ ಎಷ್ಟು ಇಂಚಿನ ಟಿವಿ?

ಕೈಯಲ್ಲಿರುವುದು ಗಾರೆ ಕೆಲಸದವರ ಟೇಪು. ನಿಂತಿರುವುದು ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲಿನಲ್ಲಿ, ನಮ್ಮ ಚಿಕ್ಕಪ್ಪನ ನಡುಮನೆಯಲ್ಲಿ. ಗೋಡೆಗೆ ಹಾಕಿರುವ ಟಿವಿಯಿಂದ ಎದುರಿನ ದಿವಾನದ ಒರಗುದಿಂಬಿನವರೆಗೆ ಸರಿಯಾಗಿ ಹತ್ತು ಅಡಿ. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ, ವಿಡಿಯೋ ಪೂರ್ತಿ ಬೇಕಾಗುತ್ತದೆ.

ಚಿಕ್ಕಪ್ಪನಿಗೆ ಈಗಿರುವ 32 ಇಂಚಿನ ಟಿವಿ ನೋಡಿ ನೋಡಿ ಸಾಕಾಗಿದೆ. ಅಂಗಡಿಯಲ್ಲಿ 55 ಇಂಚಿನ ಫೋರ್‌ಕೆ ತೋರಿಸಿದರಂತೆ. ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಫೋರ್‌ಕೆ ಅಂದ್ರೆ ಏನಪ್ಪಾ, ನಾಲ್ಕು ಸಾವಿರ ಜಾಸ್ತಿ ಅಂತಲಾ?" ನಗಬೇಡಿ. ಅಂಗಡಿಯವರು ಕೊಟ್ಟ ವಿವರಣೆಗಿಂತ ಅದೇ ಸ್ಪಷ್ಟವಾಗಿತ್ತು.

ಮೊದಲು ಒಂದು ಬಿಳಿ ಹಾಳೆ, ಎರಡು ರಾಗಿ ಕಾಳು. ರಾಗಿ ಕಾಳು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಎರಡನ್ನೂ ಹಾಳೆಗೆ ಅಂಟಿಸಿ, ನಡುವೆ ಒಂದು ಕಾಳಿನಷ್ಟು ಜಾಗ ಬಿಟ್ಟಿದ್ದೇನೆ. ಹತ್ತಿರದಿಂದ ನೋಡಿದರೆ ಎರಡು ಕಾಳು. ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋಗಿ. ಸುಮಾರು ಹದಿನೇಳು ಅಡಿಯ ಹೊತ್ತಿಗೆ ಅವು ಎರಡೋ ಒಂದೋ ಎಂಬ ಅನುಮಾನ ಶುರುವಾಗುತ್ತದೆ. ಅಲ್ಲಿಗೆ ನಿಮ್ಮ ಕಣ್ಣಿನ ಗಡಿ ಮುಗಿಯಿತು.

ಈ ಗಡಿಯನ್ನು ಲೆಕ್ಕಕ್ಕೆ ತಂದವರು ನೆದರ್‌ಲೆಂಡ್ಸ್‌ನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್. 1862ರಲ್ಲಿ ಅವರು ಮಾಡಿದ ಅಕ್ಷರಗಳ ಪಟ್ಟಿಯಿಂದಲೇ ಇವತ್ತೂ ನಮಗೆ 'ಸಿಕ್ಸ್ ಬೈ ಸಿಕ್ಸ್' ಎಂದು ಚೀಟಿ ಬರೆದುಕೊಡುವುದು. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ, ಅಂದರೆ ಕೋನದ ಒಂದು ಮಿನಿಟು. ಅದಕ್ಕಿಂತ ಸಣ್ಣದನ್ನು ಸಾಮಾನ್ಯ ಕಣ್ಣು ಬೇರೆಬೇರೆಯಾಗಿ ಕಾಣುವುದಿಲ್ಲ. ಹತ್ತು ಅಡಿ ದೂರದಲ್ಲಿ ಈ ಒಂದು ಮಿನಿಟು ಎಂದರೆ 0.9 ಮಿಲಿಮೀಟರ್, ಹೆಚ್ಚುಕಡಿಮೆ ಅರ್ಧ ರಾಗಿ ಕಾಳು. ಎಳೆಯ ಕಣ್ಣು ಇದಕ್ಕಿಂತ ಚುರುಕಾಗಿರಬಹುದು, ಚಿಕ್ಕಪ್ಪನದು ಕನ್ನಡಕದ ಕಣ್ಣು. ನಾವು ನಡುವಿನ ಲೆಕ್ಕ ಹಿಡಿಯೋಣ.

ಒಂದು ನಿಮಿಷ ದಾರಿ ತಪ್ಪುತ್ತೇನೆ, ನಮ್ಮ ಜಿಲ್ಲೆಯ ವಿಷಯ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಗೌರಿಬಿದನೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವಿದೆ. ತಟ್ಟೆಯಲ್ಲ, ಬಯಲಿನಲ್ಲಿ ಇಂಗ್ಲಿಷಿನ 'ಟಿ' ಆಕಾರದಲ್ಲಿ ನೆಟ್ಟ ಸಾವಿರ ಆಂಟೆನಾಗಳು. ಉದ್ದನೆಯ ತೋಳು 1.4 ಕಿಲೋಮೀಟರ್. ಇಷ್ಟು ದೊಡ್ಡ 'ಕಣ್ಣು' ಆಕಾಶದಲ್ಲಿ ಕಾಣಬಲ್ಲ ಅತಿ ಸಣ್ಣ ಚುಕ್ಕಿ ಯಾವುದು ಗೊತ್ತಾ? ಸುಮಾರು ಅರ್ಧ ಡಿಗ್ರಿ, ಅಂದರೆ ಇಡೀ ಚಂದ್ರನಷ್ಟು ಅಗಲ. ನಮ್ಮ ಬರಿಗಣ್ಣು ಅದೇ ಚಂದ್ರನ ಅಡ್ಡಕ್ಕೆ ಮೂವತ್ತು ಚುಕ್ಕಿ ಎಣಿಸಬಲ್ಲದು. ಕಾರಣ ಸರಳ. ಆ ದೂರದರ್ಶಕ ಹಿಡಿಯುವ 34.5 ಮೆಗಾಹರ್ಟ್ಸ್ ಅಲೆಯ ಉದ್ದ 8.7 ಮೀಟರ್. ಬೆಳಕಿನ ಅಲೆಯೋ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ಅದಕ್ಕೇ ಎರಡು ಮೂರು ಮಿಲಿಮೀಟರ್ ಕಣ್ಣಪಾಪೆ ಆ ಕೆಲಸ ಮಾಡಿಬಿಡುತ್ತದೆ. ಅಲೆ ಎಷ್ಟು ಸಣ್ಣದು, ಕಿಂಡಿ ಎಷ್ಟು ಅಗಲ ಎನ್ನುವುದರ ಮೇಲೆ ಸ್ಪಷ್ಟತೆ ನಿಂತಿದೆ. ಬಯಲಿನ ಆಂಟೆನಾಕ್ಕೂ ಕಣ್ಣಿಗೂ ಕಾನೂನು ಒಂದೇ.

ಸರಿ, ಟಿವಿಗೆ ಬರೋಣ.

1959ರಲ್ಲಿ ದೆಹಲಿಯಲ್ಲಿ ಪ್ರಸಾರ ಶುರುವಾದಾಗ ನಮ್ಮ ದೇಶ ಆರಿಸಿಕೊಂಡದ್ದು 625 ಸಾಲಿನ ಚಿತ್ರ. ಅದರಲ್ಲಿ ಕಣ್ಣಿಗೆ ಕಾಣುವವು 576. ಒಮ್ಮೆ ಬೆಸ ಸಾಲು, ಮರುಕ್ಷಣ ಸಮ ಸಾಲು, ಹೀಗೆ ಸೆಕೆಂಡಿಗೆ 50 ಸಲ ಗೀಚಿಕೊಂಡು ಹೋಗುತ್ತಿತ್ತು. ಈ 576 ಸಾಲುಗಳು ಒಂದರೊಳಗೊಂದು ಬೆರೆತು ಚಿತ್ರವಾಗಿ ಕಾಣಬೇಕಾದರೆ ಪರದೆಯ ಎತ್ತರದ ಆರು ಪಟ್ಟು ದೂರ ಕೂರಬೇಕು. ಇಪ್ಪತ್ತು ಇಂಚಿನ ಡಬ್ಬದ ಟಿವಿಯ ಪರದೆ ಎತ್ತರ ಒಂದು ಅಡಿ, ಹಾಗಾಗಿ ಆರು ಅಡಿ. ಲೆಕ್ಕ ಇಷ್ಟೇ.

ಆದರೆ ಆಗ ಕೂರುವ ಜಾಗವನ್ನು ಲೆಕ್ಕ ನೋಡಿ ಆರಿಸಿಕೊಂಡವರು ಯಾರು? ಕನ್ನಡದ ಹಳ್ಳಿಗಳಿಗೆ ಟಿವಿ ಬಂದದ್ದೇ ಗುಂಪಿನ ಮುಂದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಂತು. ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿನ ಜಾಲರಿಯಂಥ ಹತ್ತಡಿ ಅಗಲದ ಆಂಟೆನಾ, ಒಂದು ಸೆಟ್ಟು, ಅದರ ಮುಂದೆ ಊರಿಗೆ ಊರೇ. ಮುಂದೆ ಕೂತ ಮಕ್ಕಳಿಗೆ ಬರೀ ಗೆರೆ, ಹಿಂದೆ ನಿಂತವರಿಗೆ ಬರೀ ಬೆಳಕು. ಸರಿಯಾಗಿ ಚಿತ್ರ ಕಂಡಿದ್ದರೆ ನಡುವಿನ ಎರಡು ಮೂರು ಸಾಲಿನವರಿಗೆ ಮಾತ್ರ.

ನಮ್ಮ ಕಡೆ, ಅಂದರೆ ಆಗಿನ ಕೋಲಾರ ಜಿಲ್ಲೆಗೆ, ಆ ಯೋಗ ಇರಲಿಲ್ಲ. ಬೆಂಗಳೂರಿನಲ್ಲಿ 1981ರಲ್ಲಿ ದೂರದರ್ಶನ ಕೇಂದ್ರ ಬಂದ ಮೇಲೆ ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಎದ್ದವು. ಕಂಬ ಎತ್ತರ, ಜೊತೆಗೊಂದು ಬೂಸ್ಟರ್. ಮೇಲೆ ಒಬ್ಬ ಕಂಬ ತಿರುಗಿಸುತ್ತಾ "ಬಂತಾ?" ಅನ್ನುವುದು, ಕೆಳಗಿನಿಂದ "ಇಂಕಾ ರಾಲೇದು" (ಇನ್ನೂ ಬಂದಿಲ್ಲ) ಅನ್ನುವುದು. ಕನ್ನಡದ ಪ್ರಶ್ನೆಗೆ ತೆಲುಗಿನಲ್ಲಿ ಉತ್ತರ, ಗಡಿ ಸೀಮೆ ಅಲ್ಲವೇ. 1987ರ ಜನವರಿಯಲ್ಲಿ 'ರಾಮಾಯಣ' ಶುರುವಾದಾಗ ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ಕಿಟಕಿ ಸರಳಿಗೂ ಜನ ನೇತಾಡುತ್ತಿದ್ದರು. ಆಗಿನ ಗೋಳು ಚುಕ್ಕಿಯದಲ್ಲ, ಗೊರಗೊರ ಎನ್ನುವ ಬಿಳಿ ಮಳೆಯದು.

ಅಜ್ಜಿಯಂದಿರು "ಹತ್ರ ಕೂತ್ಕೋಬೇಡ್ವೋ, ಕಣ್ಣು ಹೋಗುತ್ತೆ" ಅನ್ನುತ್ತಿದ್ದರಲ್ಲ, ಅದಕ್ಕೂ ಒಂದು ಹಿನ್ನೆಲೆ ಇದೆ. 1967ರಲ್ಲಿ ಅಮೆರಿಕದಲ್ಲಿ ಕೆಲವು ಕಲರ್ ಟಿವಿಗಳಿಂದ ಎಕ್ಸ್-ರೇ ಸೋರುತ್ತದೆಂದು ಗಲಾಟೆಯಾಗಿ ಅವನ್ನು ವಾಪಸು ಪಡೆದರು. ಈಗಿನ ಎಲ್‌ಇಡಿ ಟಿವಿಯೊಳಗೆ ಅಂಥ ಎಕ್ಸ್-ರೇ ಹುಟ್ಟಿಸುವ ಗಾಜಿನ ಕೊಳವೆಯೇ ಇಲ್ಲ. ಹತ್ತಿರ ಕೂತರೆ ಕಣ್ಣು ದಣಿಯುತ್ತದೆ, ಹೋಗುವುದಿಲ್ಲ.

ದೂರದ ಲೆಕ್ಕವನ್ನು ತಲೆಕೆಳಗು ಮಾಡಿದವರು ಜಪಾನಿನವರು. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮೇಲೆ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಸಂಶೋಧನೆಗಿಳಿಯಿತು. ಅವರ ಪ್ರಶ್ನೆಯೇ ಬೇರೆ. ಎಷ್ಟು ಸಾಲು ಸಾಕು ಎಂದಲ್ಲ, ಚಿತ್ರದೊಳಗೇ ಇದ್ದೇವೆ ಅನ್ನಿಸಬೇಕಾದರೆ ಪರದೆ ಕಣ್ಣಿಗೆ ಎಷ್ಟು ಅಗಲ ಕಾಣಬೇಕು? ಸುಮಾರು 30 ಡಿಗ್ರಿ ಎಂಬ ಉತ್ತರ ಸಿಕ್ಕಿತು. ಅದಕ್ಕೆ ಪರದೆಯ ಎತ್ತರದ ಮೂರೇ ಪಟ್ಟು ದೂರದಲ್ಲಿ ಕೂರಬೇಕು. ಅಷ್ಟು ಹತ್ತಿರದಿಂದ ಗೆರೆ ಕಾಣಬಾರದೆಂದರೆ ಸಾಲು ಸಾವಿರ ದಾಟಬೇಕು. ಅವರು 1,125 ಸಾಲು ಮಾಡಿದರು. ಇವತ್ತಿನ ಫುಲ್ ಎಚ್‌ಡಿಯ 1,080 ಸಾಲು ಆ ವಂಶದ್ದೇ. ಎಚ್‌ಡಿ ಹುಟ್ಟಿದ್ದು ದೊಡ್ಡ ಪರದೆಯ ಹತ್ತಿರ ಕೂರುವುದಕ್ಕೆ. ನಾವೋ ಎಚ್‌ಡಿ ಟಿವಿ ತಂದು ಹಳೇ ದಿವಾನದಲ್ಲೇ ಕೂತೆವು.

ನಮಗೆ ಎಚ್‌ಡಿ ಬಂದದ್ದು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಆಸುಪಾಸಿನಲ್ಲಿ. ಆದರೆ ಹಳ್ಳಿಯ ಗೋಡೆಗೆ ಅಂಟಿಕೊಂಡದ್ದು 32 ಇಂಚಿನ 'ಎಚ್‌ಡಿ ರೆಡಿ'. ಅಡ್ಡ 1,366, ಉದ್ದ 768 ಚುಕ್ಕಿ. ಅದು ಪೂರ್ತಿ ಎಚ್‌ಡಿಯೂ ಅಲ್ಲ, ಹಳೆಯದೂ ಅಲ್ಲ. ಅದಕ್ಕೆ ತೆರಿಗೆಯ ಬೆಂಬಲವೂ ಸಿಕ್ಕಿತು. 2019ರ ಜನವರಿಯಿಂದ 32 ಇಂಚಿನವರೆಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 28. ಎಲ್ಲಕ್ಕೂ ಶೇ 18 ಆದದ್ದು 2025ರ ಸೆಪ್ಟೆಂಬರ್ 22ರಂದು. ಚಿಕ್ಕಪ್ಪನಿಗೆ ಈಗ ದೊಡ್ಡ ಟಿವಿಯ ಆಸೆ ಬಂದದ್ದರಲ್ಲಿ ಇದರ ಪಾಲೂ ಇದೆ.

ಈಗ ಟೇಪು ತೆಗೆಯೋಣ. ಹತ್ತು ಅಡಿಯಿಂದ ಕಣ್ಣು ಕಾಣಬಲ್ಲದ್ದು 0.9 ಮಿಲಿಮೀಟರ್ ಎಂದೆವಲ್ಲ. 43 ಇಂಚಿನ ಫುಲ್ ಎಚ್‌ಡಿ ಟಿವಿಯ ಒಂದು ಚುಕ್ಕಿ ಅರ್ಧ ಮಿಲಿಮೀಟರ್, ಒಂದು ರಾಗಿ ಕಾಳಿನ ಅಗಲಕ್ಕೆ ಮೂರು ಚುಕ್ಕಿ. ಫೋರ್‌ಕೆ ಅಂದರೆ ಅಡ್ಡಕ್ಕೂ ಉದ್ದಕ್ಕೂ ಫುಲ್ ಎಚ್‌ಡಿಯ ಎರಡರಷ್ಟು ಚುಕ್ಕಿ, ಹಾಗಾಗಿ ಅದೇ ಅಳತೆಯಲ್ಲಿ ಆರು. ಮೂರನ್ನೇ ಬೇರ್ಪಡಿಸಲಾಗದ ಕಣ್ಣಿಗೆ ಆರು ಕೊಟ್ಟು ಏನು ಪ್ರಯೋಜನ? ಹತ್ತು ಅಡಿಯಲ್ಲಿ ಫುಲ್ ಎಚ್‌ಡಿಯ ಚುಕ್ಕಿ ಕಾಣಲು ಶುರುವಾಗಬೇಕಾದರೆ ಪರದೆ 77 ಇಂಚು ಇರಬೇಕು! ಅಂಗಡಿಯಲ್ಲಿ ಫೋರ್‌ಕೆ ಫಳಫಳ ಅನ್ನಿಸುವುದು ಏಕೆಂದರೆ ಅಲ್ಲಿ ನೀವು ಮೂರಡಿ ದೂರದಲ್ಲಿ ನಿಂತಿರುತ್ತೀರಿ, ಓಡುತ್ತಿರುವುದು ಅದಕ್ಕೆಂದೇ ಮಾಡಿದ ಗಿಳಿ, ಹಣ್ಣು, ಜಲಪಾತದ ವಿಡಿಯೋ. ಫೋರ್‌ಕೆ ಸೆಟ್ಟುಗಳಲ್ಲಿ ಬಣ್ಣ, ಹೊಳಪು ಚೆನ್ನಾಗಿರುವುದುಂಟು, ಅದು ಬೇರೆ ಮಾತು. ಇನ್ನು ಏಯ್ಟ್‌ಕೆ? ಅದನ್ನು ಬಿಟ್ಟುಬಿಡಿ.

ನೆನಪಿಡಲು ಸುಲಭದ ಲೆಕ್ಕ ಹೇಳುತ್ತೇನೆ. ಮನೆಗೆ ಬರುವುದು ಹಳೆಯ ಎಸ್‌ಡಿ, ಅಂದರೆ 576 ಸಾಲಿನ ಚಿತ್ರವಾದರೆ ಟಿವಿಯ ಇಂಚನ್ನು ಮೂರರಿಂದ ಗುಣಿಸಿ. ಎಚ್‌ಡಿಯಾದರೆ ಒಂದೂವರೆಯಿಂದ. ಫೋರ್‌ಕೆಯಾದರೆ ಮುಕ್ಕಾಲರಿಂದ. ಬರುವ ಇಂಚಿಗಿಂತ ಹತ್ತಿರ ಕೂತರೆ ಚಿತ್ರ ಒಡೆದಂತೆ ಕಾಣುತ್ತದೆ. 43 ಮೂರಲಿ 129 ಇಂಚು, ಹತ್ತು ಮುಕ್ಕಾಲು ಅಡಿ. 55 ಮೂರಲಿ 165, ಹದಿನಾಲ್ಕು ಅಡಿಗೆ ಸ್ವಲ್ಪ ಕಡಿಮೆ.

ಗಮನಿಸಿದಿರಾ? ಗುಣಿಸಬೇಕಾದದ್ದು ಟಿವಿಯ ಡಬ್ಬದ ಮೇಲಿನ 'ಕೆ' ನೋಡಿ ಅಲ್ಲ, ಮನೆಗೆ ಬರುವ ಚಿತ್ರ ನೋಡಿ. ದೂರದರ್ಶನದ ಉಚಿತ ಡಿಷ್‌ನಲ್ಲಿ ಬಹುಪಾಲು ಬರುವುದು ಅದೇ 576 ಸಾಲು. ಅಂಥ ಮನೆಗೆ 55 ಇಂಚಿನ ಫೋರ್‌ಕೆ ತಂದರೆ ಹತ್ತು ಅಡಿಯ ನಡುಮನೆಯಲ್ಲಿ ಚಿತ್ರ ಮೊದಲಿಗಿಂತ ಮಸುಕಾಗಿಯೇ ಕಾಣುವುದು. "ಇಷ್ಟು ದುಡ್ಡು ಕೊಟ್ಟು ತಂದದ್ದು ಇದಕ್ಕಾ" ಎಂದು ಮನೆಯವರು ಬೈಯುವುದು ಆಗಲೇ.

ಆದ್ದರಿಂದ ನನ್ನ ತೀರ್ಪು: ಹತ್ತು ಅಡಿ ದೂರ, ಎಸ್‌ಡಿ ಪ್ರಸಾರ ಇದ್ದರೆ, ಮುಕ್ಕಾಲು ಅಡಿ ಕಡಿಮೆ ಬಿದ್ದರೂ 43 ಇಂಚು ನಡೆದೀತು, ಅದರ ಮೇಲೆ ಹೋಗಬೇಡಿ. ಎಚ್‌ಡಿ ಬಾಕ್ಸೋ ಫೈಬರ್ ಇಂಟರ್‌ನೆಟ್ಟೋ ಇದ್ದರೆ 55 ತನ್ನಿ. ಆ ಅಳತೆಯಲ್ಲಿ ಬರುವುದೇ ಫೋರ್‌ಕೆ, ಅದರ ಹೆಸರಲ್ಲಿ ಹೆಚ್ಚಿಗೆ ಕೊಡಬೇಡಿ.

"ನಮ್ದು ಎಚ್‌ಡಿ ಬಾಕ್ಸೇ ಕಣಪ್ಪಾ, ಎರಡು ವರ್ಷದಿಂದ ಎಚ್‌ಡಿ ಪ್ಯಾಕಿಗೇ ದುಡ್ಡು ಕಟ್ತಿದ್ದೀನಿ" ಅಂದರು ಚಿಕ್ಕಪ್ಪ. ಹಾಗಾದರೆ 55 ಎಂದುಕೊಂಡು ಟಿವಿಯ ಹಿಂದೆ ಟಾರ್ಚು ಬಿಟ್ಟೆ. ಜೇಡರ ಬಲೆ, ಧೂಳು, ಅದರ ನಡುವೆ ಬಾಕ್ಸಿನಿಂದ ಟಿವಿಗೆ ಹೋದ ಹಳದಿ, ಕೆಂಪು, ಬಿಳಿ ಪಿನ್ನಿನ ವೈರು. ಎಚ್‌ಡಿಎಂಐ ಕೇಬಲ್ಲು ಸುತ್ತಿದ ಹಾಗೇ ಬಾಕ್ಸಿನ ರಟ್ಟಿನೊಳಗಿತ್ತು. 32 ಇಂಚಿನ ಪರದೆಯಲ್ಲಿ ಹತ್ತು ಅಡಿಯಿಂದ ಆ ವ್ಯತ್ಯಾಸ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಅದಕ್ಕೇ ಎರಡು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಹಳದಿ ವೈರಿನಲ್ಲಿ ಎಚ್‌ಡಿ ಹೋಗುವುದಿಲ್ಲ. ಅದರಲ್ಲಿ ಬರುವುದು ಇವತ್ತಿಗೂ ಅದೇ 625 ಸಾಲು.